ರೇಟು ಫಿಕ್ಸ್, ಮಷಿನ್ನು ಫಿಕ್ಸ್: ಕಾಫಿ ರಫ್ತಿನ ಪತ್ರಗಳಲ್ಲಿ ಒಂದು ಕ್ರಿಯಾಪದ

ಒಣಗಿದ ಕಾಫಿಯ ಸಿಪ್ಪೆ ತೆಗೆದು ಗ್ರೇಡು ಮಾಡುವ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ರಫ್ತು ವಿಭಾಗದಲ್ಲಿ ವಿದೇಶಿ ಖರೀದಿದಾರರ ಪತ್ರವ್ಯವಹಾರ ನೋಡಿಕೊಳ್ಳುವುದು ನನ್ನ ಕೆಲಸ. ವಿಭಾಗಕ್ಕೆ ಹೊಸಬರು ಸೇರಿದಾಗ ಕಾಫಿಯ ಗ್ರೇಡುಗಳಿಗಿಂತ ಮೊದಲು ‘ಫಿಕ್ಸ್’ ಎಂಬ ಇಂಗ್ಲಿಷ್ ಕ್ರಿಯಾಪದವನ್ನು ಹೇಳಿಕೊಡುತ್ತೇನೆ. ಪ್ಲಾಂಟೇಶನ್ ಎ ಎಂದರೇನು, ಚೆರಿ ಎಬಿ ಎಂದರೇನು ಎಂಬುದನ್ನು ಅವರೇ ಕೇಳಿ ತಿಳಿದುಕೊಳ್ಳುತ್ತಾರೆ. ‘ಫಿಕ್ಸ್’ ಎಲ್ಲರಿಗೂ ಗೊತ್ತಿರುವ ಪದವಾದ್ದರಿಂದ ಅದರ ಬಗ್ಗೆ ಯಾರೂ ಕೇಳುವುದಿಲ್ಲ.

ನಮ್ಮ ಕಡೆಯ ಮಾತಿನಲ್ಲಿ ಈ ಪದಕ್ಕೆ ಎರಡು ಅರ್ಥಗಳು ಬೇರೂರಿವೆ. ಮದುವೆ ಫಿಕ್ಸ್ ಆಯಿತು ಎಂದರೆ ನಿಶ್ಚಯವಾಯಿತು ಎಂದು. ಗೋಡೆಗೆ ಫ್ಯಾನು ಫಿಕ್ಸ್ ಮಾಡಿದರು ಎಂದರೆ ಕೂಡಿಸಿದರು ಎಂದು. ಕೆಟ್ಟದ್ದನ್ನು ಸರಿಪಡಿಸುವುದಕ್ಕೆ ನಮಗೆ ‘ರಿಪೇರಿ’ ಎಂಬ ಬೇರೆ ಪದವೇ ಇದೆ. ಇಂಗ್ಲಿಷ್ ಮನೆಮಾತಿನವರಲ್ಲಿ, ಅದರಲ್ಲೂ ಅಮೆರಿಕದವರಲ್ಲಿ, ಯಂತ್ರದ ಜೊತೆ ಈ ಪದ ಬಂದರೆ ರಿಪೇರಿಯ ಅರ್ಥವೇ ಮೊದಲು ಹೊಳೆಯುತ್ತದೆ. ಲ್ಯಾಟಿನ್ ಮೂಲದಲ್ಲಿ ಇದರ ಅರ್ಥ ಕದಲದಂತೆ ನಾಟುವುದು ಎಂದಷ್ಟೇ ಇತ್ತು. ಅಮೆರಿಕದ ಬಳಕೆಯಲ್ಲಿ ಅದು ಎಷ್ಟು ಹಿಗ್ಗಿತೆಂದರೆ, 1842ರಲ್ಲಿ ಆ ದೇಶ ಸುತ್ತಿದ ಚಾರ್ಲ್ಸ್ ಡಿಕನ್ಸ್, ಊಟದ ಮೇಜು ಅಣಿಮಾಡುವುದಕ್ಕೂ ಬಟ್ಟೆ ತೊಟ್ಟು ಸಿದ್ಧರಾಗುವುದಕ್ಕೂ ವೈದ್ಯರು ರೋಗಿಯನ್ನು ಗುಣಪಡಿಸುವುದಕ್ಕೂ ಅಲ್ಲಿಯವರು ಇದೊಂದೇ ಪದವನ್ನು ದುಡಿಸುತ್ತಾರೆಂದು ತಮ್ಮ ಪ್ರವಾಸದ ಬರಹದಲ್ಲಿ ಚೇಷ್ಟೆ ಮಾಡಿದ್ದರು.

ನಮ್ಮಲ್ಲಿ ಬೀಜಗಳನ್ನು ಬಣ್ಣ ನೋಡಿ ಬೇರ್ಪಡಿಸುವ ಹೊಸ ಕಲರ್ ಸಾರ್ಟರ್ ಕೂಡಿಸಿದಾಗ, ಅದನ್ನು ‘ಫಿಕ್ಸ್’ ಮಾಡಿದ್ದೇವೆ ಎಂದು ಖರೀದಿದಾರರೊಬ್ಬರಿಗೆ ಪತ್ರ ಹೋಯಿತು. ಯಂತ್ರಕ್ಕೆ ಏನಾಗಿತ್ತು, ತಮ್ಮ ಲಾಟು ಅದು ಕೆಟ್ಟಿದ್ದಾಗ ಸಾರ್ಟಾದದ್ದೇ ಎಂಬ ಪ್ರಶ್ನೆ ಬಂತು. ಅವರ ದೃಷ್ಟಿಯಿಂದ ಅದು ನ್ಯಾಯವಾದ ಪ್ರಶ್ನೆ: ಕಪ್ಪು ಬೀಜ ಬೇರ್ಪಡಿಸುವ ಯಂತ್ರ ಕೆಟ್ಟಿದ್ದರೆ ಆ ಲಾಟನ್ನು ಮತ್ತೆ ಪರೀಕ್ಷಿಸಲೇಬೇಕು. ‘ಇನ್‌ಸ್ಟಾಲ್’ ಎಂದು ಬರೆದಿದ್ದರೆ ಆ ಅನುಮಾನಕ್ಕೆ ಎಡೆಯಿರುತ್ತಿರಲಿಲ್ಲ.

ಬೆಲೆಯ ವಿಷಯದಲ್ಲಿ ತೊಡಕು ಇನ್ನೂ ಆಳವಾದದ್ದು, ಏಕೆಂದರೆ ಅಲ್ಲಿ ‘ಫಿಕ್ಸ್’ ಬರಿಯ ಮಾತಾಗಿರದೆ ಒಪ್ಪಂದದ ಒಂದು ಕ್ರಿಯೆಯಾಗಿರುತ್ತದೆ. ರಫ್ತಿನ ಎಷ್ಟೋ ಒಪ್ಪಂದಗಳಲ್ಲಿ ಸಹಿ ಹಾಕುವ ದಿನ ಬೆಲೆ ಇರುವುದಿಲ್ಲ. ವಾಯಿದಾ ಮಾರುಕಟ್ಟೆಯ, ಅಂದರೆ ಮುಂದಿನ ತಿಂಗಳುಗಳ ಸರಕಿಗೆ ಇಂದೇ ಬೆಲೆ ಕಟ್ಟುವ ಮಾರುಕಟ್ಟೆಯ, ಒಂದು ತಿಂಗಳನ್ನು ಹೆಸರಿಸಿ, ಅದರ ಬೆಲೆಯ ಮೇಲೆ ಅಥವಾ ಕೆಳಗೆ ಇಷ್ಟು ಎಂಬ ವ್ಯತ್ಯಾಸವನ್ನು ಮಾತ್ರ ಬರೆದಿರುತ್ತಾರೆ. ಅರೇಬಿಕಾಕ್ಕೆ ನ್ಯೂಯಾರ್ಕ್ ಆಧಾರ, ಒಂದು ಪೌಂಡಿಗೆ ಇಷ್ಟು ಸೆಂಟ್ ಎಂಬ ಲೆಕ್ಕ. ರೋಬಸ್ಟಾಕ್ಕೆ ಲಂಡನ್ ಆಧಾರ, ಒಂದು ಟನ್ನಿಗೆ ಇಷ್ಟು ಡಾಲರ್. ಡಿಸೆಂಬರ್ ತಿಂಗಳ ಮೇಲೆ 20 ಸೆಂಟ್ ಎಂದು ಒಪ್ಪಂದವಿದ್ದು, ಆ ತಿಂಗಳ ವಾಯಿದಾ ಬೆಲೆ 300 ಸೆಂಟ್ ಇರುವಾಗ ಖರೀದಿದಾರರು ಫಿಕ್ಸ್ ಮಾಡಿದರೆ, ಅಂದರೆ ಅದನ್ನೇ ಒಪ್ಪಂದಕ್ಕೆ ಗೊತ್ತುಮಾಡಿದರೆ, ನಮಗೆ ಸಿಗುವ ಬೆಲೆ 320. ಯಾವಾಗ ಫಿಕ್ಸ್ ಮಾಡಬೇಕೆಂಬ ಹಕ್ಕು ಖರೀದಿದಾರರದ್ದೋ ಮಾರುವವರದ್ದೋ ಎಂಬುದು ಒಪ್ಪಂದದಲ್ಲೇ ಇರುತ್ತದೆ. ಆ ತಿಂಗಳ ಫಸ್ಟ್ ನೋಟಿಸ್ ಡೇ, ಅಂದರೆ ವಾಯಿದಾ ಸರಕು ಒಪ್ಪಿಸುವ ನೋಟಿಸುಗಳು ಶುರುವಾಗುವ ದಿನ, ಬರುವುದರೊಳಗೆ ಫಿಕ್ಸ್ ಮಾಡಬೇಕು, ಇಲ್ಲವೇ ಇಬ್ಬರೂ ಒಪ್ಪಿ ಮುಂದಿನ ತಿಂಗಳಿಗೆ ಸಾಗಿಸಿಕೊಳ್ಳಬೇಕು. ನಮ್ಮ ಬೆಳೆಗಾರರಿಗೆ ಇದು ಅಪರಿಚಿತವೇನಲ್ಲ. ಕಾಫಿಯನ್ನು ಮೊದಲೇ ತಂದಿಟ್ಟು, ಮಾರುಕಟ್ಟೆ ಏರಿದ ದಿನ ಫೋನ್ ಮಾಡಿ “ಇವತ್ತಿನ ರೇಟಿಗೆ ಫಿಕ್ಸ್ ಮಾಡ್ಕೊಳ್ಳಿ ಸಾರ್” ಎನ್ನುವ ಆಲ್ದೂರಿನ ಬೆಳೆಗಾರರೂ ಹೆಚ್ಚು ಕಡಿಮೆ ಅದನ್ನೇ ಮಾಡುತ್ತಾರೆ.

ಈಗ ಖರೀದಿದಾರರು ‘ಪ್ಲೀಸ್ ಫಿಕ್ಸ್ ದ ಪ್ರೈಸ್’ ಎಂದು ಬರೆದರೆ ಅರ್ಥವೇನು? ಅದು ಬೆಲೆ ಕಟ್ಟುವ ಆದೇಶವಾಗಿರಬಹುದು, ಇನ್‌ವಾಯ್ಸ್‌ನಲ್ಲಿ ತಪ್ಪಾಗಿ ನಮೂದಾದ ಬೆಲೆಯನ್ನು ತಿದ್ದಿ ಎಂಬ ಕೋರಿಕೆಯೂ ಆಗಿರಬಹುದು. ಮೊದಲನೆಯದಾದರೆ ಮಾರುಕಟ್ಟೆ ತೆರೆದಿರುವಾಗಲೇ ಕೆಲಸ ಆಗಬೇಕು. ಎರಡನೆಯದಾದರೆ ನಾಳೆ ತಿದ್ದಿದರೂ ನಡೆಯುತ್ತದೆ. ಆದೇಶವಾದರೆ ಒಪ್ಪಂದದ ಸಂಖ್ಯೆ, ಲಾಟುಗಳ ಸಂಖ್ಯೆ, ತಿಂಗಳು, ಬೆಲೆಯ ಮಟ್ಟ ಇಷ್ಟೂ ಇರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಊಹಿಸದೆ ಕೇಳಬೇಕೆಂಬುದು ನಾನು ಹೇಳಿಕೊಡುವ ನಿಯಮ. ಲಾಟು ಎಂಬಲ್ಲಿಯೂ ಎಚ್ಚರ ಬೇಕು: ನಮ್ಮ ಗೋದಾಮಿನಲ್ಲಿ ಲಾಟು ಎಂದರೆ ಒಟ್ಟಿಗೆ ಅಟ್ಟಿ ಹಾಕಿದ ಮೂಟೆಗಳು, ವಾಯಿದಾ ಮಾರುಕಟ್ಟೆಯಲ್ಲಿ ಅರೇಬಿಕಾದ ಒಂದು ಲಾಟು 37,500 ಪೌಂಡ್, ಅಂದರೆ ಸುಮಾರು 17 ಟನ್, ರೋಬಸ್ಟಾದ್ದು 10 ಟನ್.

ನಾಮಪದವಾದಾಗ ಇನ್ನೊಂದು ಸಂಗತಿ ಬರುತ್ತದೆ. ನಮ್ಮ ಪತ್ರಗಳಲ್ಲಿ ‘ಪ್ರೈಸ್ ಫಿಕ್ಸೇಶನ್’ ಎಂದೇ ಬರೆಯಬೇಕೆಂದು ನಾನು ಹಟ ಹಿಡಿಯುತ್ತೇನೆ. ‘ಪ್ರೈಸ್ ಫಿಕ್ಸಿಂಗ್’ ಎಂದು ವ್ಯಾಪಾರದೊಳಗಿನವರು ಬಳಸಿದರೂ, ಹೊರಗಿನವರಿಗೆ ಅದು ಮಾರಾಟಗಾರರು ಒಳಗೊಳಗೇ ಸೇರಿ ಬೆಲೆ ಗೊತ್ತುಮಾಡುವ ಅಪರಾಧವಾಗಿ ಕೇಳಿಸುತ್ತದೆ. ಭಾರತದಲ್ಲಿ 2002ರ ಸ್ಪರ್ಧಾ ಕಾಯ್ದೆ ಅಂಥ ಒಪ್ಪಂದಗಳನ್ನು ನಿಷೇಧಿಸಿದೆ. ಕ್ರಿಕೆಟ್ಟಿನ ಮ್ಯಾಚ್ ಫಿಕ್ಸಿಂಗ್ ಕೇಳಿ ಬೆಳೆದ ಹುಡುಗರಿಗೆ ಇದನ್ನು ವಿವರಿಸುವ ಶ್ರಮವೇ ಬೇಕಾಗುವುದಿಲ್ಲ.

ಈಗ ನಮ್ಮ ವಿಭಾಗದ ಪತ್ರಗಳಲ್ಲಿ ‘ಫಿಕ್ಸ್’ ವಾಯಿದಾ ಬೆಲೆಗೆ ಮಾತ್ರ ಮೀಸಲು. ಯಂತ್ರ ಕೂಡಿಸಿದರೆ ಇನ್‌ಸ್ಟಾಲ್, ಕೆಟ್ಟದ್ದು ಸರಿಯಾದರೆ ರಿಪೇರ್, ಇನ್‌ವಾಯ್ಸ್ ತಿದ್ದಿದರೆ ಕರೆಕ್ಟ್. ತೇವಾಂಶ ಹೆಚ್ಚಿದೆ ಎಂಬ ದೂರಿಗೆ ‘ಫಿಕ್ಸ್ಡ್’ ಎಂದು ಒಂದೇ ಪದದಲ್ಲಿ ಉತ್ತರಿಸುವಂತಿಲ್ಲ. ಮತ್ತೆ ಒಣಗಿಸಿದೆವೋ ಲಾಟನ್ನೇ ಬದಲಿಸಿದೆವೋ ಎಂಬುದನ್ನೂ, ಈಗ ಮಾಯಿಶ್ಚರ್ ಮೀಟರ್ ಎಷ್ಟು ತೋರಿಸುತ್ತಿದೆ ಎಂಬುದನ್ನೂ ಬರೆಯಬೇಕು. ಇದು ಅತಿಯಾಯಿತು ಎಂದು ಕೆಲವು ಸಹೋದ್ಯೋಗಿಗಳ ಅಭಿಪ್ರಾಯ. ಸಾಮಾನ್ಯ ಇಂಗ್ಲಿಷ್ ಬರವಣಿಗೆಯ ಮಟ್ಟಿಗೆ ಅವರ ಮಾತು ನಿಜ.