ಪಿಟಿಓ ಒಣಗಿತು, ಕ್ಲಚ್ ಕೆಳಗೆ ಇನ್ನೂ ತೊಟ್ಟಿಕ್ಕುತ್ತಿದೆ

ಮೊದಲ ಭಾನುವಾರ

ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಡುವುದರೊಳಗೆ ಅಪ್ಪನ ಕಾಲದ 35 ಎಚ್‌ಪಿ ಟ್ರ್ಯಾಕ್ಟರಿನ ಆಯಿಲ್ ಸೋರಿಕೆ ನಿಲ್ಲಿಸಲೇಬೇಕು ಅಂತ ಕೂತಿದ್ದೇನೆ. ಇದರಲ್ಲಿ ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು, ಹೈಡ್ರಾಲಿಕ್ ಲಿಫ್ಟು ಮೂರಕ್ಕೂ ಒಂದೇ ಆಯಿಲ್. ಮಟ್ಟ ಇಳಿದರೆ ಮೊದಲು ಗೊತ್ತಾಗುವುದು ಲಿಫ್ಟಿನಲ್ಲಿ, ಕಲ್ಟಿವೇಟರ್ ಅರ್ಧಕ್ಕೆ ಎದ್ದು ನಡುಗುತ್ತಾ ನಿಲ್ಲುತ್ತೆ. ಎರಡು ವರ್ಷದಿಂದ ನಾವು ಮಾಡಿದ್ದು ಮೇಲಿಂದ ಸುರಿಯುವುದು, ಅಷ್ಟೆ.

ಹಿಂದುಗಡೆ ಆಯಿಲ್ಲಿಗೆ ಮಣ್ಣು ಮೆತ್ತಿ ಬೆರಳು ದಪ್ಪ ಜಿಡ್ಡು. ಎಲ್ಲಿಂದ ಬರುತ್ತಿದೆ ಅಂತ ಬ್ರಹ್ಮನೂ ಹೇಳಲಾರ. ಕೆರೆದು, ಡೀಸೆಲಲ್ಲಿ ತೊಳೆದು, ಒಣಗಿಸಿ, ಜೋಡಣೆಗಳ ಮೇಲೆಲ್ಲ ಮುಖಕ್ಕೆ ಹಾಕುವ ಪೌಡರ್ ಉದುರಿಸಿದೆ. (ಅಮ್ಮನ ಡಬ್ಬಿ. ಬೈಸಿಕೊಂಡದ್ದು ಬೇರೆ ಕಥೆ.) ಒಂದು ಗಂಟೆ ಓಡಿಸಿ ಬಂದರೆ ಮೂರು ಕಡೆ ಪೌಡರ್ ಒದ್ದೆ: ಪಿಟಿಓ ಶಾಫ್ಟಿನ (ರೋಟವೇಟರಿನಂಥವನ್ನು ತಿರುಗಿಸುವ, ಹಿಂದುಗಡೆ ಚಾಚಿರುವ ದಂಡ) ಸುತ್ತ, ಎಡಗಡೆ ಬ್ರೇಕ್ ಡ್ರಮ್ಮಿನ ಕೆಳಗೆ, ಕ್ಲಚ್ ಹೌಸಿಂಗಿನ ತಳದಲ್ಲಿ.

ಎರಡನೇ ವಾರ

ಡ್ರೈನ್ ಬೋಲ್ಟ್ ಬಿಚ್ಚಿದರೆ ಬಂದದ್ದು ಹಾಲು ಜಾಸ್ತಿ ಹಾಕಿದ ಟೀ. ನೀರು ಸೇರಿದೆ. ಗೇರ್ ಲಿವರಿನ ಬುಡದ ರಬ್ಬರ್ ಹರಿದಿತ್ತು, ಗಾಡಿ ಮಳೆಯಲ್ಲೇ ನಿಲ್ಲುತ್ತಿತ್ತು. 30 ಲೀಟರ್ ಹತ್ತಿರ ಹೊಸ ಆಯಿಲ್ ಅಂದರೆ ಜೇಬಿಗೆ ಕತ್ತರಿ, ಅದಕ್ಕೇ ಮೊದಲು ಆ ರಬ್ಬರ್ ಬದಲಿಸಿದೆ.

ಪಿಟಿಓ ಸೀಲು, ಅಂದರೆ ಶಾಫ್ಟಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಉಂಗುರ, ಹಾಕುವುದು ಕಷ್ಟವಲ್ಲ. ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗಿರಬೇಕು, ಶಾಫ್ಟಿಗೆ ತಾಗುವ ಅಂಚಿಗೆ, ಅಂದರೆ ತುಟಿಗೆ, ಸ್ವಲ್ಪ ಆಯಿಲ್ ಸವರಬೇಕು. ಹಳೇ ಸೀಲು ಶಾಫ್ಟಿನ ಮೇಲೆ ಉಗುರಿಗೆ ಸಿಗುವಷ್ಟು ಗೆರೆ ಕೊರೆದಿತ್ತು. ಹೊಸ ತುಟಿ ಅದರ ಮೇಲೆ ಕೂರದಿರಲಿ ಅಂತ ಸೀಲನ್ನು 2 ಮಿ.ಮೀ. ಒಳಕ್ಕೆ ಬಡಿದೆ. ಬಡಿಯಲು ಅದೇ ಅಳತೆಯ ಪೈಪ್ ತುಂಡು.

ನಾಲ್ಕೇ ದಿನ. ಮತ್ತೆ ಒದ್ದೆ!

ಮೂರನೇ ವಾರ

ಸೀಲು ಡುಪ್ಲಿಕೇಟ್ ಅಂತ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದುಕೊಂಡೆ. ತಪ್ಪು ಅವನದಲ್ಲ. ರೋಟವೇಟರ್ ಹೊಡೆದು ಬಿಸಿಯಾಗಿದ್ದಾಗ ಡಿಪ್‌ಸ್ಟಿಕ್ ಎತ್ತಿದರೆ ಬುಸ್ ಅಂತು, ಕುಕ್ಕರ್ ಥರ. ಲಿಫ್ಟ್ ಕವರಿನ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ಕಿಂಡಿ) ಬಿಚ್ಚಿ ನೋಡಿದೆ: ಕಣಜ ಮಣ್ಣಿನ ಗೂಡು ಕಟ್ಟಿ ತೂತನ್ನೇ ಮುಚ್ಚಿತ್ತು. ಬಿಸಿಯಾದ ಗಾಳಿಗೆ ಹೊರಹೋಗಲು ದಾರಿಯಿಲ್ಲ, ಒತ್ತಡಕ್ಕೆ ಆಯಿಲ್ ಸೀಲಿನ ಸಂದಿಯಲ್ಲಿ ನುಗ್ಗುತ್ತಿತ್ತು. ತಂತಿ ಹಾಕಿ ಗೂಡು ಕೆರೆದು ಡೀಸೆಲಲ್ಲಿ ತೊಳೆದೆ. ಅದೇ ಸೀಲು, ಈಗ ಹತ್ತು ದಿನದಿಂದ ಒಣ.

ಬ್ರೇಕ್ ಡ್ರಮ್ಮಿನ ಕೆಳಗಿನ ಸೋರಿಕೆ ಎಡಗಡೆ ಆಕ್ಸಲ್ ಸೀಲಿನದು, ಅದು ಮಾತ್ರ ನಿಜವಾಗಿ ಸವೆದಿದ್ದದ್ದು. ಕೇಜ್‌ವೀಲ್ (ಪಂಜರದಂಥ ಕಬ್ಬಿಣದ ಚಕ್ರ) ಹಾಕಿ ಗದ್ದೆ ಕೆಸರು ಮಾಡುವಾಗ ಮಣ್ಣುನೀರು ಸೀಲಿನ ತನಕ ಹೋಗುತ್ತೆ, ಮರಳಿನ ಕಣ ತುಟಿಯನ್ನು ತಿನ್ನುತ್ತೆ. ಶಾಫ್ಟ್ ಎಳೆದರೂ ಸೀಲು ಕೈಗೆ ಸಿಗಲ್ಲ. ಬೇರಿಂಗು, ಅದರ ಹಿಂದಿನ ಕಾಲರು ಎರಡೂ ಬಿಗಿಯಾಗಿ ಕೂತಿರುತ್ತವೆ. ಲೇತ್ ಅಂಗಡಿಯಲ್ಲಿ ಕಾಯಿಸಿ, ಪ್ರೆಸ್ಸಿಗೆ ಹಾಕಿ ತೆಗೆಸಿದೆ. ಸೀಲಿಗಿಂತ ಕೂಲಿ ದುಬಾರಿ. ಬ್ರೇಕ್ ಲೈನಿಂಗು ಆಯಿಲ್ ಕುಡಿದಿತ್ತು. ಪೆಟ್ರೋಲಲ್ಲಿ ತೊಳೆದರೂ ಕಾದ ಮೇಲೆ ಮತ್ತೆ ಬೆವರುತ್ತೆ, ಅದಕ್ಕೆ ಹೊಸದೇ.

ನಿನ್ನೆ

ಕ್ಲಚ್ ಹೌಸಿಂಗಿನ ತಳದಲ್ಲಿ ಒಂದು ತೂತು, ಅದರಲ್ಲಿ ಸ್ಪ್ಲಿಟ್ ಪಿನ್ ಅಲ್ಲಾಡುತ್ತಿರಬೇಕು. ಒಳಗೆ ಸೋರಿದ್ದು ಹೊರಗೆ ಹೋಗಲಿ ಅಂತಲೇ ಇರುವ ತೂತು. ನಮ್ಮದಕ್ಕೆ ಯಾವನೋ ಪುಣ್ಯಾತ್ಮ ಅಂಟು ಮೆತ್ತಿದ್ದ. ಪಕ್ಕದ ಸಂದಿಯಿಂದ ಜಿನುಗುತ್ತಿದ್ದದ್ದು ಇದೇ. ಕಿತ್ತ ತಕ್ಷಣ ಅರ್ಧ ಲೋಟ ಸುರಿಯಿತು. ಏರಿನಲ್ಲಿ ಕ್ಲಚ್ ಜಾರುತ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯಿತು. ಕಪ್ಪಗಿದ್ದರೆ ಎಂಜಿನ್ ಕಡೆಯದು. ಇದು ಆಗ ತಾನೇ ಹಾಕಿದ ಗೇರ್ ಆಯಿಲ್ ಬಣ್ಣ. ಅಂದರೆ ಸೋರುತ್ತಿರುವುದು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಕ್ಲಚ್ಚಿನಿಂದ ಗೇರ್‌ಬಾಕ್ಸಿಗೆ ಹೋಗುವ ದಂಡ) ಸೀಲು. ಗಾಡಿಯನ್ನು ನಡುವೆ ಎರಡು ಭಾಗ ಮಾಡದೆ ಅಲ್ಲಿಗೆ ಕೈ ಹೋಗಲ್ಲ.

ಪಕ್ಕದ ಊರಿನ ಮೆಕ್ಯಾನಿಕ್ ಅಣ್ಣ ಭಾರ ಎತ್ತುವ ಚೈನ್ ಬ್ಲಾಕ್ ಕೊಡ್ತೀನಿ ಅಂದಿದ್ದಾನೆ. ಸೀಲಿನ ಜೊತೆ ಕ್ಲಚ್ ಪ್ಲೇಟೂ ತರಿಸಬೇಕು. ಅಲ್ಲಿತನಕ ಪಿನ್ ಕೆಳಗೆ ರಟ್ಟು ಇಟ್ಟಿದ್ದೇನೆ. ಇವತ್ತು ಬೆಳಗ್ಗೆ ಹನ್ನೊಂದು ತೊಟ್ಟು.