ಮೂಲೆಯಲ್ಲಿದ್ದ ಕೆಂಪು ಚುಕ್ಕೆ

ಸಿಮ್ಯುಲೇಷನ್, ಅಂದರೆ ವಸ್ತುವನ್ನು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ಪರೀಕ್ಷಿಸುವ ಕೆಲಸಕ್ಕೆ ಸೇರಿದ ಮೊದಲ ವರ್ಷ. ನನಗೆ ಕೊಟ್ಟಿದ್ದು ಎಲ್ ಆಕಾರದ ಒಂದು ಸಣ್ಣ ಉಕ್ಕಿನ ಬ್ರ್ಯಾಕೆಟ್. ಅದರ ಮೇಲೆ ಒಂದು ಮೋಟರ್ ಕೂರುತ್ತದೆ. ಭಾರ ತಡೆಯುತ್ತಾ, ಇಲ್ವಾ? ಪ್ರಶ್ನೆ ಇಷ್ಟೇ.

ಸಾಫ್ಟ್‌ವೇರ್ ಇಡೀ ಬ್ರ್ಯಾಕೆಟ್ಟನ್ನು ಸಾವಿರಾರು ಪುಟ್ಟ ತುಂಡು ಮಾಡಿಕೊಳ್ಳುತ್ತದೆ. ಅದಕ್ಕೆ ಮೆಶ್ ಅನ್ನುತ್ತೇವೆ. ಒಂದೊಂದು ತುಂಡು ಪಕ್ಕದ್ದನ್ನು ಎಷ್ಟು ಎಳೆಯುತ್ತದೆ, ಎಷ್ಟು ತಳ್ಳುತ್ತದೆ ಅಂತ ಲೆಕ್ಕ ಹಾಕುತ್ತದೆ. ನಾನು ತುಂಡಿನ ಅಳತೆ 5 ಮಿ.ಮೀ. ಇಟ್ಟು ರನ್ ಕೊಟ್ಟೆ. ಒಳಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಬಂತು. ಸ್ಟ್ರೆಸ್, ಅಂದರೆ ಲೋಹದೊಳಗಿನ ಒತ್ತಡ, ಅತಿ ಹೆಚ್ಚಿದ್ದ ಜಾಗ ಅದು: 180 ಮೆಗಾಪಾಸ್ಕಲ್. ಆ ಉಕ್ಕು 250ರವರೆಗೆ ತಾಳುತ್ತದೆ. ಚಿತ್ರವೂ ಬಣ್ಣಬಣ್ಣವಾಗಿ ಚೆನ್ನಾಗಿತ್ತು. ರಿಪೋರ್ಟ್ ಬರೆದು ಮೇಡಂ ಮುಂದೆ ಇಟ್ಟೆ.

ಅವರು ಚಿತ್ರ ನೋಡಲೇ ಇಲ್ಲ. "ಮೆಶ್ ಅರ್ಧ ಮಾಡಿ ನೋಡಿದ್ರಾ?" ಅಂದರು.

2.5 ಮಿ.ಮೀ.ಗೆ ಇಳಿಸಿದೆ. 246 ಬಂತು. 1.25ಕ್ಕೆ ಇಳಿಸಿದೆ. 338! ಬ್ರ್ಯಾಕೆಟ್ ಕೆಲಸ ಮುಗೀತು ಅಂದುಕೊಂಡು, ಅರ್ಧ ದಿನ ಕೂತು ತಗಡಿನ ದಪ್ಪ ಜಾಸ್ತಿ ಮಾಡಿದೆ. ಸ್ಟ್ರೆಸ್ ಇಳಿಯಿತು. ಮೆಶ್ ಇನ್ನೊಂದು ಸಲ ಸಣ್ಣ ಮಾಡಿದರೆ ಮತ್ತೆ ಏರಿತು.

ಮೇಡಂ ಪೆನ್ ತಗೊಂಡು ಮೊದಲಿನ ಮೂರು ಅಂಕಿಗಳನ್ನು ಭಾಗಿಸಿದರು. 246ನ್ನು 180ರಿಂದ, 338ನ್ನು 246ರಿಂದ. ಎರಡೂ ಸಲ ಹತ್ತಿರಹತ್ತಿರ 1.37. "ಪ್ರತಿ ಸಲ ಅಷ್ಟೇ ಪಟ್ಟು ಏರ್ತಾ ಇದೆ. ಇದು ಎಲ್ಲಿ ನಿಲ್ಲುತ್ತೆ, ಹೇಳಿ ನೋಡೋಣ?"

ನಿಲ್ಲುವುದೇ ಇಲ್ಲ. ಮೆಶ್ ಸಲೀಸಾಗಲಿ ಅಂತ ಮೂಲೆಯ ಫಿಲೆಟ್ಟನ್ನು, ಅಂದರೆ ಅದರ ದುಂಡು ತಿರುವನ್ನು, ನಾನೇ ತೆಗೆದುಹಾಕಿದ್ದೆ. ಪೂರ್ತಿ ಚೂಪಾದ ಒಳಮೂಲೆಯಲ್ಲಿ ಈ ಗಣಿತದ ಪ್ರಕಾರ ಸ್ಟ್ರೆಸ್ ಅನಂತ. ಮೆಶ್ ಸಣ್ಣದಾದಷ್ಟೂ ಲೆಕ್ಕ ಆ ಅನಂತದ ಹಿಂದೆ ಓಡುತ್ತಲೇ ಇರುತ್ತದೆ. ಡ್ರಾಯಿಂಗ್‌ನಲ್ಲಿ ಆ ಮೂಲೆ 4 ಮಿ.ಮೀ. ದುಂಡಗೇ ಇತ್ತು. ಅದನ್ನು ವಾಪಸ್ ಹಾಕಿ, ಆ ತಿರುವಿನಲ್ಲಿ ಏಳೆಂಟು ತುಂಡು ಕೂರುವ ಹಾಗೆ ಮೆಶ್ ಮಾಡಿದೆ. ಆಮೇಲೆ ಇನ್ನೂ ಸಣ್ಣ ಮಾಡುತ್ತಾ ಹೋದೆ: 212, 219, 220. ನಿಂತಿತು.

ನಾಚಿಕೆ ಅನ್ನಿಸಿದ್ದು ಇನ್ನೊಂದು ವಿಷಯಕ್ಕೆ. ಮೊದಲಿನ ಮೂರೂ ರನ್‌ಗಳಲ್ಲಿ ಬ್ರ್ಯಾಕೆಟ್ ತುದಿ ಬಾಗಿದ್ದು 0.62, 0.63, 0.63 ಮಿ.ಮೀ. ಅಲುಗಾಡಿರಲೇ ಇಲ್ಲ. ತೊಂದರೆ ಆ ಒಂದು ಮೂಲೆಯದ್ದು ಮಾತ್ರ ಅಂತ ಅದೇ ಹೇಳುತ್ತಿತ್ತು. ನಾನು ಕೆಂಪು ಬಿಟ್ಟು ಬೇರೆ ಏನೂ ನೋಡಿರಲಿಲ್ಲ.

ನನ್ನ ಕೇಸಿನಲ್ಲಿ ಮೆಶ್ ಸುಮ್ನೆ ಹೆದರಿಸಿತು. ದಪ್ಪ ಮೆಶ್, ಅಂದರೆ ದೊಡ್ಡ ದೊಡ್ಡ ತುಂಡಿನ ಮೆಶ್, ಇದಕ್ಕೆ ಉಲ್ಟಾ, ಧೈರ್ಯ ಕೊಟ್ಟು ಕೈ ಬಿಡುತ್ತದೆ. ಸ್ಲೈಪ್ನರ್ ಎ ಕಥೆ ಮೇಡಂ ಹೇಳಿದ್ದು ಆಗಲೇ. ನಾರ್ವೆಯ ಆ ತೈಲ ವೇದಿಕೆಯ ಕಾಂಕ್ರೀಟ್ ಬುಡ 1991ರ ಆಗಸ್ಟ್ 23ರಂದು ಮುಳುಗಿತು. ಅದರ ಟೊಳ್ಳು ಕೋಶಗಳು ಸೇರುವ ಜಾಗದ ಗೋಡೆಗಳಿಗೆ ಕಂಪ್ಯೂಟರ್ ಲೆಕ್ಕದಲ್ಲಿ ಹಾಕಿದ್ದ ಮೆಶ್ ತೀರಾ ಒರಟಾಗಿತ್ತು. ಅಲ್ಲಿನ ಶಿಯರ್ ಸ್ಟ್ರೆಸ್ಸನ್ನು, ಅಂದರೆ ಗೋಡೆಯನ್ನು ಕತ್ತರಿಯ ಹಾಗೆ ಕತ್ತರಿಸಲು ನೋಡುವ ಒತ್ತಡವನ್ನು, ಲೆಕ್ಕ 47% ಕಡಿಮೆ ತೋರಿಸಿತ್ತು, ಅದನ್ನು ನಂಬಿ ಸರಳುಗಳನ್ನೂ ಸಾಲದಷ್ಟೇ ಹಾಕಿದ್ದರು. ಆಮೇಲೆ ಸರಿಯಾಗಿ ಮಾಡಿದ ಲೆಕ್ಕ 62 ಮೀಟರ್ ಆಳದಲ್ಲಿ ಒಡೆಯಬೇಕು ಅಂದಿತು. ನಿಜವಾಗಿ ಒಡೆದದ್ದು 65ರಲ್ಲಿ.

ನನ್ನ ಬ್ರ್ಯಾಕೆಟ್ ಕಥೆ ಅಲ್ಲಿಗೆ ಮುಗಿಯಲಿಲ್ಲ. ಟೆಸ್ಟ್‌ನಲ್ಲಿ ಅಷ್ಟೇ ಭಾರ ನೇತುಹಾಕಿ, ಎಷ್ಟು ಬಾಗಿತು ಅಂತ ಅಳೆಯುವ ಡಯಲ್ ಗೇಜ್ ಇಟ್ಟರೆ ತುದಿ 1.1 ಮಿ.ಮೀ. ಬಾಗಿತು. ಮೆಶ್ ಈಗ ಸರಿ ಇತ್ತು, ಲೆಕ್ಕವೂ ಸರಿ ಇತ್ತು. ಆದರೆ ನಾನು ಬ್ರ್ಯಾಕೆಟ್ಟಿನ ಹಿಂಭಾಗ ಪೂರ್ತಿ "ಫಿಕ್ಸ್" ಅಂತ ಕೊಟ್ಟಿದ್ದೆ. ಅಂದರೆ ಅಲುಗದ ಒಂದು ಬಂಡೆಗೆ ಅಂಟಿಸಿದ ಹಾಗೆ. ನಿಜದಲ್ಲಿ ಅದು ಎರಡೇ ಬೋಲ್ಟ್‌ಗಳ ಮೇಲೆ ನಿಂತಿತ್ತು, ಅವೂ ಒಂದು ತೆಳು ಪ್ಲೇಟಿಗೆ. ಆ ಪ್ಲೇಟೂ ಬಾಗುತ್ತದಲ್ವಾ? ಪ್ಲೇಟು, ಬೋಲ್ಟು ಎರಡನ್ನೂ ಮಾಡೆಲ್‌ಗೆ ಸೇರಿಸಿದ ಮೇಲೆ 1.05 ಬಂತು. ಈಗಲೂ ಯಾರಾದರೂ ಮಾಡೆಲ್ ತೋರಿಸಿದರೆ ನನ್ನ ಕಣ್ಣು ಮೊದಲು ಹೋಗುವುದು ಎಲ್ಲಿ ಕಟ್ಟಿಹಾಕಿದ್ದಾರೆ ಅನ್ನುವ ಕಡೆಗೆ.

ಇನ್ನೊಂದು ಅಭ್ಯಾಸ ಅಂಟಿಕೊಂಡಿದೆ. ರನ್ ಒತ್ತುವ ಮುಂಚೆ ಉತ್ತರ ಎಷ್ಟಿರಬಹುದು ಅಂತ ಕೈಲೆಕ್ಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮೊನ್ನೆ ಒಂದು ಫ್ರೇಮ್ ಎಷ್ಟು ವೇಗದಲ್ಲಿ ಕಂಪಿಸುತ್ತದೆ ಅಂತ ನೋಡಬೇಕಿತ್ತು. ನನ್ನ ಅಂದಾಜು 40 ಹರ್ಟ್ಸ್, ಅಂದರೆ ಸೆಕೆಂಡಿಗೆ 40 ಸಲ. ಸಾಫ್ಟ್‌ವೇರ್ 1.27 ಅಂದಿತು. ಭಾಗಿಸಿದರೆ ಸುಮಾರು 31.5, ಅಂದರೆ ಹೆಚ್ಚುಕಡಿಮೆ 1000ದ ವರ್ಗಮೂಲ. ಕಂಪನದ ವೇಗ ಇಳಿಯುವುದು ತೂಕದ ವರ್ಗಮೂಲದ ಲೆಕ್ಕದಲ್ಲಿ, ಹಾಗಾಗಿ ತೂಕ ಸಾವಿರ ಪಟ್ಟು ಜಾಸ್ತಿಯಾದರೆ ಬರುವ ಅಂಕಿ ಅದೇ. ಹೋಗಿ ನೋಡಿದರೆ, ಟನ್ ಲೆಕ್ಕದಲ್ಲಿ ಕೊಡಬೇಕಿದ್ದ ಉಕ್ಕಿನ ಸಾಂದ್ರತೆಯನ್ನು ಕಿಲೋ ಲೆಕ್ಕದಲ್ಲಿ ತುಂಬಿಸಿದ್ದೆ.