ಅತ್ತೆ ಕಂಡ ಬ್ಯಾಂಕಾಕಿನ ರೇಷ್ಮೆ

ಬ್ಯಾಂಕಾಕಿಗೆ ಅತ್ತೆಯನ್ನೂ ಕರೆದುಕೊಂಡು ಹೋಗುತ್ತೇವೆ ಎಂದಾಗ ಮೈಸೂರಿನಲ್ಲಿ ನಮ್ಮ ಬೀದಿಯವರೆಲ್ಲ ಕೇಳಿದ್ದು ಒಂದೇ ಮಾತು: "ವಯಸ್ಸಾದವರಿಗೆ ಅಲ್ಲೇನಿದೆ? ಅದು ಮಾಲ್ ಸುತ್ತೋರ ಊರು." ಆಗ ನನ್ನ ಬಳಿ ಉತ್ತರವಿರಲಿಲ್ಲ. ಈಗ ಇದೆ. ಒಂದು ಕಸುಬಿನಲ್ಲಿ ಬದುಕು ಸವೆಸಿದವರ ಜೊತೆ ಹೋದರೆ ಊರು ಬೇರೆಯೇ ಆಗಿ ಕಾಣುತ್ತದೆ.

ಅತ್ತೆ ಮಳವಳ್ಳಿ ಸೀಮೆಯವರು. ಮದುವೆಯಾಗಿ ಬಂದಾಗಿನಿಂದ, ಮಂಡಿನೋವು ಹೆಚ್ಚಾಗಿ ಮೈಸೂರಿಗೆ ನಮ್ಮ ಜೊತೆ ಬಂದು ಇರುವವರೆಗೂ ರೇಷ್ಮೆ ಹುಳ ಸಾಕಿದವರು. ಪೊರೆ ಬಿಡುವ ಮೊದಲು ಹುಳ ಮೇವು ಬಿಟ್ಟು ಸುಮ್ಮನಾಗುವುದಕ್ಕೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂತಿದೆಯೋ ಎದ್ದಿದೆಯೋ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರಂತೆ. ಕೊನೆಯ ಹಂತದಲ್ಲಿ ಹುಳಗಳು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಜಡಿಮಳೆ ಬಿದ್ದ ಹಾಗೆ ಕೇಳುತ್ತದೆ, ಆ ಸದ್ದಿಲ್ಲದೆ ಮೈಸೂರಿನಲ್ಲಿ ನಿದ್ದೆ ಬರುವುದಿಲ್ಲ ಎಂದು ಮೊದಮೊದಲು ಹೇಳುತ್ತಿದ್ದರು.

ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲೇ ಅವರ ಪ್ರವಾಸ ಶುರುವಾಯಿತು. ಅಲ್ಲಿ ಸಮುದ್ರಮಥನದ ದೊಡ್ಡ ಶಿಲ್ಪವಿದೆ. ವಾಸುಕಿಯ ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು. "ಇವರೂ ನಮ್ಮೋರೇ ಕಣವ್ವ" ಎಂದು ಅದರ ಮುಂದೆ ಒಂದು ಫೋಟೋ ತೆಗೆಸಿಕೊಂಡೇ ಹೊರಟರು. ಮರುದಿನ ಅರಮನೆಯಲ್ಲಿ ಅವರನ್ನು ಹೊರಗೆ ಎಳೆದುಕೊಂಡು ಬರುವುದೇ ಕಷ್ಟವಾಯಿತು. 1782ರಲ್ಲಿ ಮೊದಲನೆಯ ರಾಮ ಎಂಬ ದೊರೆ ರಾಜಧಾನಿಯನ್ನು ನದಿಯ ಈ ದಡಕ್ಕೆ ತಂದು ಕಟ್ಟಿಸಿದ ಅರಮನೆ ಅದು. ಅದರ ಆವರಣದ ಪಚ್ಚೆ ಬುದ್ಧನ ಗುಡಿಯ ಸುತ್ತಲಿನ ಪಡಸಾಲೆಯಲ್ಲಿ ಇಡೀ ರಾಮಾಯಣವನ್ನು 178 ಭಿತ್ತಿಗಳಲ್ಲಿ ಬರೆದಿದ್ದಾರೆ. ಆ ನಾಡಿನವರು ಅದನ್ನು ರಾಮಕಿಯನ್ ಎನ್ನುತ್ತಾರೆ. ಬಿಳಿ ಮೈಯ ಆಂಜನೇಯ, ಹಸಿರು ಮೈಯ ರಾಮ, ಚಿನ್ನದ ಅಂಚಿನ ರಥಗಳು. ಮಕ್ಕಳು ಬಿಸಿಲಿಗೆ ಬಸವಳಿದು ಐಸ್‌ಕ್ರೀಮ್ ಕೇಳುತ್ತಿದ್ದರೆ ಅತ್ತೆ ಒಂದೊಂದೇ ಚಿತ್ರದ ಮುಂದೆ ನಿಂತು ಇವನು ಕುಂಭಕರ್ಣ, ಇದು ಸೇತುವೆ ಎಂದು ಅವರಿಗೆ ಕಥೆ ಹೇಳುತ್ತಾ ನಡೆದರು.

ಒಳಗಿನ ಬುದ್ಧನ ಮೂರ್ತಿ ತೀರ ಚಿಕ್ಕದು, ಸುಮಾರು 66 ಸೆಂಟಿಮೀಟರು. ಬೇಸಿಗೆ, ಮಳೆ, ಚಳಿ ಎಂದು ವರ್ಷಕ್ಕೆ ಮೂರು ಸಲ ಆ ಮೂರ್ತಿಯ ಚಿನ್ನದ ಉಡುಪು ಬದಲಾಗುತ್ತದೆ, ಬದಲಾಯಿಸುವವನು ದೊರೆಯೇ. ಇದನ್ನು ಹೇಳಿದಾಗ ಅತ್ತೆ ಕೈಮುಗಿದು, "ನಮ್ಮ ಮೇಲುಕೋಟೆ ವೈರಮುಡಿ ಇದ್ದಂಗೆ" ಎಂದರು. ಮಂಡ್ಯದ ಖಜಾನೆಯಿಂದ ವರ್ಷಕ್ಕೊಮ್ಮೆ ಚೆಲುವನಾರಾಯಣನಿಗೆ ಹೊರಡುವ ವೈರಮುಡಿಯನ್ನು ದಾರಿಯಲ್ಲಿ ನಿಂತು ನೋಡಿದವರಿಗೆ ಈ ಪದ್ಧತಿಯನ್ನು ಬಿಡಿಸಿ ಹೇಳಬೇಕಿಲ್ಲ. ವಾಟ್ ಫೋ ಎಂಬ ಗುಡಿಯಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧನ ಹಿಂದೆ ಸಾಲಾಗಿಟ್ಟ 108 ಕಂಚಿನ ಬಟ್ಟಲುಗಳಿಗೆ ಮಕ್ಕಳು ಟಣ್ ಟಣ್ ಎಂದು ಕಾಸು ಹಾಕಿದರು. ಬುದ್ಧನ ಅಂಗಾಲುಗಳಲ್ಲೂ ಕಪ್ಪೆಚಿಪ್ಪಿನ ಹೊಳಪಿನಲ್ಲಿ ಕೂರಿಸಿದ ಗುರುತುಗಳು 108.

ಮಾಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಯಾಮ್ ಪ್ಯಾರಾಗಾನ್‌ನ ನೆಲಮಾಳಿಗೆಯ ಅಕ್ವೇರಿಯಂನಲ್ಲಿ ಮಕ್ಕಳು ಶಾರ್ಕ್ ನೋಡಿದರು. ಪ್ರತುನಾಮ್‌ನ ಪ್ಲಾಟಿನಂ ಮಾಲ್‌ನಲ್ಲಿ ನಮ್ಮವರು ಶರ್ಟು, ಮಕ್ಕಳು ಬ್ಯಾಗು ಕೊಂಡರು. ಅಲ್ಲಿ ಒಂದೇ ಅಂಗಡಿಯಲ್ಲಿ ಹೆಚ್ಚು ಕೊಂಡರೆ ಸಗಟು ದರಕ್ಕೆ ಇಳಿಸುತ್ತಾರೆ. ಚೌಕಾಸಿಗೆ ಭಾಷೆಯೂ ಬೇಡ, ಕ್ಯಾಲ್ಕುಲೇಟರ್ ಇವರ ಕೈಯಿಂದ ಅವರ ಕೈಗೆ ಓಡಾಡುತ್ತದೆ.

ನಾನು ಬರೆಯಬೇಕೆಂದು ಕೂತಿದ್ದು ಜಿಮ್ ಥಾಂಪ್ಸನ್ ಮನೆಯ ಬಗ್ಗೆ. ನ್ಯಾಷನಲ್ ಸ್ಟೇಡಿಯಂ ಎಂಬ ಸ್ಕೈಟ್ರೈನ್ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆದರೆ, ಸೇನ್ ಸೇಪ್ ಕಾಲುವೆಯ ದಡದಲ್ಲಿದೆ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ಈ ಅಮೆರಿಕದವನು ನೆಲಕಚ್ಚುತ್ತಿದ್ದ ಥಾಯ್ ಕೈಮಗ್ಗದ ರೇಷ್ಮೆಯನ್ನು ಹೊರನಾಡುಗಳಿಗೆ ಮುಟ್ಟಿಸಿದ. ಹಳೆಯ ತೇಗದ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಒಂದಾಗಿ ಜೋಡಿಸಿ, 1959ರಲ್ಲಿ ಒಕ್ಕಲಾದ. ಕಾಲುವೆಯ ಆಚೆ ದಡದ ಬಾನ್ ಕ್ರುವಾದಲ್ಲಿ ಅವನಿಗೆ ಬಟ್ಟೆ ನೇಯ್ದುಕೊಡುತ್ತಿದ್ದ ಚಾಮ್ ಎಂಬ ಜನಾಂಗದ ಮುಸ್ಲಿಮರ ಕೇರಿ. 1967ರಲ್ಲಿ ಮಲೇಷ್ಯಾದ ಕ್ಯಾಮರಾನ್ ಬೆಟ್ಟಗಳಲ್ಲಿ ನಡೆದಾಡಲು ಹೋದವನು ಹಿಂದಿರುಗಲೇ ಇಲ್ಲ.

ಗೈಡ್ ಇದನ್ನೆಲ್ಲ ಹೇಳುತ್ತಿರುವಾಗ ಅತ್ತೆ ನಮ್ಮ ಜೊತೆ ಇರಲಿಲ್ಲ. ಅಂಗಳದ ಒಂದು ಮೂಲೆಯಲ್ಲಿ ಒಲೆಯ ಮೇಲಿನ ಮಡಕೆಯ ಮುಂದೆ ಕೂತುಬಿಟ್ಟಿದ್ದರು. ಮಡಕೆಯ ಬಿಸಿನೀರಿನಲ್ಲಿ ಹಳದಿ ಗೂಡುಗಳು ತೇಲುತ್ತಿದ್ದವು. ಹೆಂಗಸೊಬ್ಬರು ಕವಲು ಕಡ್ಡಿಯಿಂದ ಮೆಲ್ಲಗೆ ತಿರುವುತ್ತಾ ಎಳೆಗಳನ್ನು ಒಟ್ಟು ಮಾಡಿ, ಮೇಲಿನ ಚಿಕ್ಕ ರಾಟೆಗೆ ಸುತ್ತಿ, ಕೈಯಿಂದಲೇ ಎಳೆದು ಬುಟ್ಟಿಗೆ ಇಳಿಬಿಡುತ್ತಿದ್ದರು. ಎಳೆ ತೆಳುವಾಯಿತು ಎನ್ನಿಸಿದಾಗ ಇನ್ನೆರಡು ಗೂಡು ಹಾಕುವುದು, ಮತ್ತೆ ತಿರುವುವುದು. ಗೂಡಿನ ಅಂಟು ಬಿಸಿಯಲ್ಲಿ ಸಡಿಲವಾದಾಗ ಮಾತ್ರ ಎಳೆ ಬಿಡುತ್ತದೆ. ಬಿಸಿ ಹೆಚ್ಚಾದರೆ ಗಂಟು, ಕಡಿಮೆಯಾದರೆ ತುಂಡು.

"ಇದು ನಮ್ಮ ನಾಡ್ ಗೂಡು! ನೋಡು, ತುದಿ ಚೂಪು" ಎಂದು ಅತ್ತೆ ಒಂದನ್ನು ಬೆರಳ ನಡುವೆ ಹಿಡಿದು ತೋರಿಸಿದರು. ನಮ್ಮ ಮೈಸೂರು ತಳಿಯ ಗೂಡೂ ಹಾಗೆಯೇ, ಹಸಿರು ಬೆರೆತ ಹಳದಿ, ಎರಡೂ ತುದಿ ಚೂಪು. ಈಗ ನಮ್ಮ ಕಡೆ ದ್ವಿತಳಿ ಎಂಬ ಬಿಳಿ ಗೂಡಿನ ತಳಿಯನ್ನು ಬೆಳೆಯುವವರು ಹೆಚ್ಚಾಗಿದ್ದಾರೆ. ಎಳೆ ಉದ್ದ ಬರುತ್ತದೆ, ಸಾವಿರ ಮೀಟರಿನ ಆಸುಪಾಸು, ದರವೂ ಚೆನ್ನಾಗಿ ಸಿಗುತ್ತದೆ. ನಾಡ ತಳಿ ಅಷ್ಟು ಕೊಡುವುದಿಲ್ಲ, ಆದರೆ ಬಿಸಿಲು ತಡೆಯುತ್ತದೆ, ರೋಗಕ್ಕೆ ಬೇಗ ಬಗ್ಗುವುದಿಲ್ಲ. ಅತ್ತೆ ಸೊಸೆಯಾಗಿ ಬಂದ ಕಾಲದಲ್ಲಿ ಚಂದ್ರಿಕೆಯ, ಅಂದರೆ ಹುಳ ಗೂಡು ಕಟ್ಟುವ ಬಿದಿರ ತಟ್ಟೆಯ, ತುಂಬ ಹಳದಿಯೇ ಇತ್ತಂತೆ.

ಆ ಹೆಂಗಸು ಕಡ್ಡಿಯನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆ ತಿರುವಿದರು, ಎಳೆ ಹಿಡಿದರು, ಎಳೆದರು. ಎಳೆ ಬಂತು. ಅಷ್ಟು ಹೊತ್ತಿಗೆ ಮಕ್ಕಳೂ ಪಕ್ಕಕ್ಕೆ ಬಂದು ಕೂತಿದ್ದರು. "ನಾನು ಬೆಳೆದಿದ್ದು ಅಷ್ಟೇ ಕಣವ್ವ, ಯಾವತ್ತೂ ಬಿಚ್ಚಿರಲಿಲ್ಲ" ಎಂದರು ಅತ್ತೆ.

ನನಗೆ ಆ ಮಾತು ಹೊಟ್ಟೆಯಲ್ಲಿ ಹಿಂಡಿದಂತಾಯಿತು. ನಮ್ಮಲ್ಲಿ ಗೂಡು ಬೆಳೆಯುವವರು ಬೇರೆ, ನೂಲು ಬಿಚ್ಚುವ ರೀಲರುಗಳು ಬೇರೆ, ಹುರಿ ಮಾಡುವವರು, ನೇಯುವವರು ಬೇರೆ. ಬೆಳಗಿನ ಜಾವ ಮೂಟೆ ಹೊತ್ತು ರಾಮನಗರದ ಗೂಡಿನ ಮಾರುಕಟ್ಟೆಗೆ ಹೋದರೆ ಹರಾಜಿನ ಕಟ್ಟೆಯಲ್ಲೇ ರೈತನಿಗೂ ಗೂಡಿಗೂ ಸಂಬಂಧ ಮುಗಿಯಿತು. ಆ ಗೂಡು ಯಾರ ಸೀರೆಯಾಯಿತು ಎಂಬುದು ಬೆಳೆದವರಿಗೆ ತಿಳಿಯುವುದೇ ಇಲ್ಲ. ಇಷ್ಟು ವರ್ಷ ರಾತ್ರಿಯೆಲ್ಲ ಎದ್ದು ಸೊಪ್ಪು ಹಾಕಿದ ಕೈಗೆ ತನ್ನ ಬೆಳೆಯ ಎಳೆ ಸಿಕ್ಕಿರಲಿಲ್ಲ.

ವಾರಾಂತ್ಯದ ಚತುಚಕ್ ಸಂತೆಗೆ ಹೋದಾಗ ಅತ್ತೆ ಹುಡುಕಿದ್ದು ರೇಷ್ಮೆಯನ್ನೇ. ಹಳೆಯ ನಾಣ್ಯದಿಂದ ನಾಯಿಮರಿಯವರೆಗೆ ಎಲ್ಲ ಸಿಗುವ, ಸಾವಿರಾರು ಮಳಿಗೆಗಳ ಸಂತೆ ಅದು. ಮೊದಲ ಅಂಗಡಿಯಲ್ಲಿ 'ಹಂಡ್ರೆಡ್ ಪರ್ಸೆಂಟ್ ಸಿಲ್ಕ್' ಎಂದು ಬರೆದಿದ್ದ ಶಾಲನ್ನು ಮುಟ್ಟಿ, ಏನೂ ಹೇಳದೆ ಮಡಚಿ ಇಟ್ಟರು. ಇನ್ನೊಂದು ಕಡೆ ಈಸಾನ್ ಎಂಬ ಈಶಾನ್ಯ ಥಾಯ್ಲೆಂಡಿನ ಯುವತಿಯ ಪುಟ್ಟ ಮಳಿಗೆ. ಅಲ್ಲಿ ದಾರಕ್ಕೆ ಕಟ್ಟು ಹಾಕಿ ಬಣ್ಣ ಅದ್ದಿ ನೇಯ್ದ ನೀಲಿ ಮದ್‌ಮೀ ಬಟ್ಟೆಯಿತ್ತು. ಅದರ ಅಂಚಿನಿಂದ ಒಂದು ಎಳೆ ಬೇಕೆಂದು ಸನ್ನೆ ಮಾಡಿದಾಗ ಆ ಹುಡುಗಿಗೆ ತಕ್ಷಣ ಅರ್ಥವಾಯಿತು. ತಾನೇ ಎಳೆ ಕಿತ್ತು ಲೈಟರ್ ಹಚ್ಚಿದಳು. ಕೂದಲು ಸುಟ್ಟ ವಾಸನೆ. ಬೂದಿಯನ್ನು ಅತ್ತೆ ಬೆರಳಲ್ಲಿ ಉಜ್ಜಿದರು, ಪುಡಿಯಾಯಿತು. ನೈಲಾನ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತಿತ್ತು.

ಆಮೇಲೆ ಫೋನುಗಳು ಹೊರಬಂದವು. ಆ ಹುಡುಗಿ ತನ್ನ ತಾಯಿಯ ಚಿತ್ರ ತೋರಿಸಿದಳು. ಬಿದಿರ ತಟ್ಟೆಯಲ್ಲಿ ಹುಳ, ಮನೆಯ ಕೆಳಗೆ ಮಗ್ಗ. ಅವರ ಊರುಗಳಲ್ಲಿ ಹುಳ ಸಾಕುವುದು, ನೂಲು ಬಿಚ್ಚುವುದು, ದಾರಕ್ಕೆ ಕಟ್ಟು ಹಾಕಿ ಬಣ್ಣ ಅದ್ದುವುದು, ನೇಯುವುದು, ಎಲ್ಲವನ್ನೂ ಒಬ್ಬಳೇ ತಾಯಿ ಮಾಡುವ ಮನೆಗಳು ಇನ್ನೂ ಇವೆ. ನಮ್ಮವರು ಊರಿನ ಹುಳದ ಮನೆಯ ಚಿತ್ರ ತೋರಿಸಿದರು. ಅತ್ತೆ ಆ ಹುಡುಗಿಯ ತಲೆ ಸವರಿದರು. ಚೌಕಾಸಿಯನ್ನು ನನಗೆ ಮಾಡಲು ಬಿಡಲಿಲ್ಲ. "ಗೂಡು ಬೆಳೆದೋರ ಹತ್ರ ಇಳಿಸಿ ಕೇಳಬ್ಯಾಡ" ಎಂದರು. ಅದು ಸರಿಯಾದ ಮಾತು. ಅವಳೇ ಒಂದಿಷ್ಟು ಬಾತ್, ಅಂದರೆ ಅಲ್ಲಿನ ದುಡ್ಡು, ಬಿಟ್ಟುಕೊಟ್ಟಳು.

ಅಂದು ರಾತ್ರಿಯ ಬೀದಿಯಲ್ಲಿ, ಗಾಡಿಯೊಂದರ ಮೇಲೆ ಹುರಿದ ರೇಷ್ಮೆ ಹುಳದ ಕೋಶಗಳು, ಅಂದರೆ ಗೂಡಿನೊಳಗಿನ ಹುಳಗಳು, ರಾಶಿ ಬಿದ್ದಿದ್ದವು. ಮಗಳು ಮುಖ ಸಿಂಡರಿಸಿದಳು. ನೂಲು ಬಿಚ್ಚಿದ ಮೇಲೆ ಉಳಿಯುವ ಕೋಶ ನಮ್ಮ ಕಡೆ ಕೋಳಿಗೆ, ಮೀನಿಗೆ ಮೇವಾಗುತ್ತದೆ. ಅತ್ತೆ ಮೊಮ್ಮಗಳಿಗೆ, "ಹಂಗೆ ಮಾಡಬಾರ್ದು. ಪ್ರಾಣ ಕೊಟ್ಟಿರೋ ಹುಳನ ದಂಡ ಮಾಡ್ತಿಲ್ಲ ಇವರು" ಎಂದರು. ತಾವು ತಿನ್ನಲಿಲ್ಲ. ಪಕ್ಕದ ಗಾಡಿಯಲ್ಲಿ ತೆಂಗಿನ ಹಾಲು ಸುರಿದ ಅಂಟಕ್ಕಿ ಅನ್ನ, ಮಾವಿನಹಣ್ಣು ತಿಂದರು.

ಮದ್‌ಮೀ ಬಟ್ಟೆ ಈಗ ಬೀರುವಿನಲ್ಲಿದೆ. ಸೀರೆಗಾಗುವಷ್ಟು ಉದ್ದವಿಲ್ಲ, ಮೈಸೂರು ಸಿಲ್ಕಿನ ಕ್ರೇಪಿನಷ್ಟು ನುಣುಪೂ ಇಲ್ಲ. ಕೈನೂಲಿನ ದಪ್ಪ ಸಣ್ಣ ಎಳೆಗಳು ಬೆರಳಿಗೆ ಸಿಗುತ್ತವೆ, ಅತ್ತೆಗೆ ಅದೇ ಇಷ್ಟ. ಮಕ್ಕಳು ಮಾತ್ರ ಬಂದಾಗಿನಿಂದ ಹುಳ ನೋಡಬೇಕು ಎಂದು ಹಟ ಹಿಡಿದಿದ್ದಾರೆ. ಊರಿನಲ್ಲಿ ಮೈದುನನ ಮನೆಯ ಹುಳ ನಾಲ್ಕನೇ ಜ್ವರ ಎದ್ದಿದೆ, ಇನ್ನೊಂದು ವಾರಕ್ಕೆ ಗೂಡು ಕಟ್ಟಲು ಹಣ್ಣಾಗುತ್ತದೆ. ಚಂದ್ರಿಕೆಗೆ ಬಿಡುವ ದಿನ ಅಲ್ಲಿರಬೇಕೆಂದು ಅತ್ತೆ ಲೆಕ್ಕ ಹಾಕಿ ಹೇಳಿದ್ದಾರೆ. ಅದಾದ ಮೇಲೆ ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆ. ನಾಲ್ವಡಿಯವರು 1912ರಲ್ಲಿ ಹಾಕಿಸಿದ ಆ ಕಾರ್ಖಾನೆಯ ಮುಂದೆ ಬಸ್ಸಿನಲ್ಲಿ ಅದೆಷ್ಟೋ ಸಲ ಹಾದುಹೋಗಿದ್ದೇನೆ, ಒಳಗೆ ಕಾಲಿಟ್ಟಿಲ್ಲ ಎಂದರು ಅತ್ತೆ. ನಮ್ಮವರು ರಜೆ ಹಾಕಿದ್ದಾರೆ.